ಮಕ್ಕಳ ಆಟದ ಕೋಣೆಗೆ ಎಂಥ ನೆಲ ಹಾಕಿಸಬೇಕು? ನಮ್ಮ ಕರಾವಳಿಯ ಮಳೆಗೆ ಒಗ್ಗುವ, ವಿಷ ಸೂಸದ ನೆಲ ಆರಿಸುವ ಬಗೆ

ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆ ಹೊಸ ಮನೆ ಕಟ್ಟಿಸುವವರು ಮಕ್ಕಳಿಗೆ ಅಂತ ಒಂದು ಕೋಣೆ ಬಿಡುವುದು ಈಗ ರೂಢಿ. ಗೋಡೆಯ ಬಣ್ಣ, ಕಿಟಕಿಯ ಪರದೆ, ಆಟಿಕೆ ಇಡುವ ಕಪಾಟು ಎಲ್ಲವನ್ನೂ ಯೋಚಿಸಿಯೇ ಮಾಡಿಸುತ್ತಾರೆ. ನೆಲದ ಮಾತು ಬಂದಾಗ ಮಾತ್ರ ಅಂಗಡಿಯವರು ತೋರಿಸಿದ್ದರಲ್ಲಿ ಚೆಂದ ಕಂಡದ್ದು ಮನೆಗೆ ಬರುತ್ತದೆ. ಅದೇ ನೆಲದ ಮೇಲೆ ಮಗು ಮಲಗುತ್ತದೆ, ಅಂಬೆಗಾಲಿಡುತ್ತದೆ, ಬಿದ್ದ ಚುರುಮುರಿ ಹೆಕ್ಕಿ ತಿನ್ನುತ್ತದೆ.

ಪುಟ್ಟ ಮಗು ಉಸಿರಾಡುವುದು ನೆಲದಿಂದ ಒಂದು ಗೇಣು ಎತ್ತರದಲ್ಲಿ. ಮೈತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಜಾಸ್ತಿ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ನೆಲ ಮುಟ್ಟಿದ ಕೈ ನೇರ ಬಾಯಿಗೆ ಹೋಗುತ್ತದೆ. ನೆಲಹಾಸು, ಅಂಟು, ಪಾಲಿಶ್‌ಗಳಿಂದ ಹೊರಬರುವ ರಾಸಾಯನಿಕಗಳಲ್ಲಿ ಕೆಲವು ಗಾಳಿಗೆ ಸೇರುತ್ತವೆ, ಕೆಲವು ಮನೆಯ ಧೂಳಿಗೆ ಅಂಟಿಕೊಂಡು ಕೂರುತ್ತವೆ. ಎರಡೂ ಮೊದಲು ಸಿಗುವುದು ಮಗುವಿಗೆ.

ಪೇಟೆಯ ಜಾಹೀರಾತು ನೋಡಿ ನೆಲ ಆರಿಸಿದರೆ ನಮಗೆ ಇನ್ನೊಂದು ತೊಂದರೆ ಇದೆ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಹೀಗಾಗಿ ಇಲ್ಲಿ ನೆಲಕ್ಕೆ ಒಣಗುವ ಗುಣ ಇರಬೇಕು. ಅದರ ಮೇಲೆ ಹಾಸಿದ್ದನ್ನು ಎತ್ತಿ ಬಿಸಿಲಿಗೆ ಹಾಕಲು ಬರಬೇಕು. ಅಂಟು ಹಾಕಿ ಕೂರಿಸಿದ ಪ್ಲಾಸ್ಟಿಕ್ ನೆಲದಲ್ಲಿ ಇವೆರಡೂ ಆಗುವುದಿಲ್ಲ. ಮುಂದೆ ಹೇಳುವ ಎಲ್ಲ ಹಂತಕ್ಕೂ ಇದೇ ಆಧಾರ.

ಹಂತ 1: ಕೋಣೆಯ ತೇವ ನೋಡಿ

ಏನನ್ನೂ ಕೊಳ್ಳುವ ಮೊದಲು ಈ ಕೆಲಸ ಮಾಡಿ. ಸುಮಾರು ಒಂದೂವರೆ ಅಡಿ ಚೌಕದ, ಒಳಗಿನದು ಕಾಣುವ ದಪ್ಪ ಪಾಲಿಥಿನ್ ಹಾಳೆ ತೆಗೆದುಕೊಳ್ಳಿ. ನೆಲ ಗುಡಿಸಿ, ಹಾಳೆ ಹಾಸಿ, ನಾಲ್ಕೂ ಅಂಚಿಗೆ ಅಗಲದ ಟೇಪ್ ಒತ್ತಿ ಅಂಟಿಸಿ. ಗಾಳಿ ನುಸುಳಬಾರದು. ಒಂದು ಹಗಲು, ಒಂದು ರಾತ್ರಿ ಹಾಗೇ ಬಿಡಿ. ಆಮೇಲೆ ತೆಗೆದು ನೋಡಿ. ಹಾಳೆಯ ಅಡಿಗೆ ಹನಿ ಕೂತಿದ್ದರೆ, ಅಥವಾ ಅಲ್ಲಿನ ನೆಲ ಸುತ್ತಲಿಗಿಂತ ಕಪ್ಪಾಗಿದ್ದರೆ, ನೀರಿನಂಶ ಮಣ್ಣಿನಿಂದ ಮೇಲೇಳುತ್ತಿದೆ. ಹಾಳೆಯ ಮೇಲ್ಗಡೆ ಮಾತ್ರ ಒದ್ದೆಯಾಗಿದ್ದರೆ ಅದು ಗಾಳಿಯ ತೇವ, ನೆಲ ತಣ್ಣಗಿರುವುದರಿಂದ ಬೆವರಿದೆ.

ಇದನ್ನು ಮಾರ್ಚಿಯಲ್ಲಿ ಮಾಡಿ ಸಮಾಧಾನಪಟ್ಟುಕೊಳ್ಳಬೇಡಿ. ಜುಲೈ ಅಥವಾ ಆಗಸ್ಟ್‌ನಲ್ಲಿ ಮಾಡಿ. ಕೋಣೆಯ ಮಧ್ಯದಲ್ಲಿ ಒಂದು, ಹೊರಗೋಡೆಯ ಬುಡದಲ್ಲಿ ಒಂದು ಹಾಳೆ ಹಾಕಿ. ಚಿರೆಕಲ್ಲಿನ ಗೋಡೆ ನೀರು ಹೀರುತ್ತದೆ, ಬುಡದಲ್ಲಿ ಗಾರೆ ಉದುರಿ ಬಿಳಿ ಉಪ್ಪು ಕಾಣುತ್ತಿದ್ದರೆ ಪರೀಕ್ಷೆಯೇ ಬೇಡ, ಉತ್ತರ ಎದುರಿಗೇ ಇದೆ.

ಕುಮಟಾ ಹತ್ತಿರದ ನಮ್ಮ ಸಂಬಂಧಿಕರ ಮನೆಯಲ್ಲಿ ಮಗಳ ಕೋಣೆಗೆ ಮರದ ಗೆರೆ ಇದ್ದ ವಿನೈಲ್ ಎಂಬ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ನೋಡಲು ಲಕ್ಷಣವಾಗಿತ್ತು. ಎರಡನೇ ಮಳೆಗಾಲಕ್ಕೆ ಕೋಣೆ ಬಾಗಿಲು ತೆಗೆದರೆ ಸಿಹಿ ಸಿಹಿಯಾದ, ತಲೆ ಹಿಡಿಯುವ ವಾಸನೆ. ಮೂಲೆ ಎತ್ತಿದಾಗ ಹಾಳೆಯ ಹಿಂಬದಿ ಪೂರ್ತಿ ಕಪ್ಪು ಚುಕ್ಕೆ. ಅಂಟು ಗಟ್ಟಿಯೂ ಅಲ್ಲ, ನೀರೂ ಅಲ್ಲ, ಹಲಸಿನ ಮೇಣದ ಹಾಗೆ ಎಳೆ ಎಳೆಯಾಗಿ ಬೆರಳಿಗೆ ಹತ್ತಿತು. ಹಾಳೆಯ ಮೇಲ್ಮೈ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು.

ಆ ವಾಸನೆಗೆ ಕಾರಣ ಇದೆ. ಸಿಮೆಂಟ್ ಕ್ಷಾರ ಗುಣದ್ದು. ಅದಕ್ಕೆ ತೇವ ಸೇರಿದರೆ ವಿನೈಲ್ ಮೆತ್ತಗಾಗಲು ಹಾಕಿದ ರಾಸಾಯನಿಕ ಮತ್ತು ಅಂಟು ನಿಧಾನಕ್ಕೆ ಒಡೆಯುತ್ತವೆ. ಆಗ ಎಥಿಲ್ ಹೆಕ್ಸನಾಲ್ ಎಂಬ ಆಲ್ಕೋಹಾಲ್ ಆವಿಯಾಗಿ ಕೋಣೆಗೆ ಸೇರುತ್ತದೆ. ಕಣ್ಣು, ಗಂಟಲು ಉರಿಯುವುದು ಇದರಿಂದಲೇ. ಅದರ ಜೊತೆಗೆ ಅಡಿಯಲ್ಲಿ ಬೆಳೆದ ಬೂಷ್ಟು. ಒಣ ಊರಿನಲ್ಲಿ ವರ್ಷಗಟ್ಟಲೆ ಸುಮ್ಮನಿರುವ ನೆಲಹಾಸು ನಮ್ಮಲ್ಲಿ ಎರಡೇ ಮಳೆಗಾಲಕ್ಕೆ ಹೀಗಾಗಬಹುದು.

ತೇವ ಮೇಲೇಳುತ್ತಿದ್ದರೆ ಅದರ ಮೂಲ ಸರಿಮಾಡಿಸಿ. ಮಾಡಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ದಂಬೆ ಹಾಕಿಸಿ, ಹೊರಗಿನ ಮಣ್ಣು ಒಳನೆಲಕ್ಕಿಂತ ತಗ್ಗಿರಲಿ, ನೀರು ಹರಿದುಹೋಗಲು ಕಾಲುವೆ ಇರಲಿ. ಎಷ್ಟೋ ಮನೆಗಳಲ್ಲಿ ಅರ್ಧ ಸಮಸ್ಯೆ ಇಷ್ಟರಲ್ಲೇ ಮುಗಿಯುತ್ತದೆ. ಹೊಸದಾಗಿ ಕಟ್ಟುತ್ತಿದ್ದರೆ ನೆಲದ ಕಾಂಕ್ರೀಟ್ ಅಡಿಗೆ ದಪ್ಪ ಪಾಲಿಥಿನ್ ಹಾಸಲು ಮೇಸ್ತ್ರಿಗೆ ಮೊದಲೇ ಹೇಳಿಬಿಡಿ.

ಹಂತ 2: ಕೋಣೆಯಲ್ಲಿ ಈಗಾಗಲೇ ಏನಿದೆ?

ಹೊಸ ನೆಲದ ವಿಷಕ್ಕಿಂತ ಹಳೆಯ ಕೋಣೆಯ ವಿಷ ಕೆಲವು ಸಲ ದೊಡ್ಡದಿರುತ್ತದೆ.

ಹಳೇ ಕಿಟಕಿ, ಬಾಗಿಲಿನ ಬಣ್ಣ ನೋಡಿ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಎಣ್ಣೆಬಣ್ಣದಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರು ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಆ ಬಣ್ಣ ಉದುರಿ ಬೀಳುವುದು ನೆಲಕ್ಕೇ. ಒಣಗಿದ ಬಣ್ಣವನ್ನು ಪಾಲಿಶ್ ಪೇಪರ್ ಹಾಕಿ ಉಜ್ಜಿಸಬೇಡಿ, ಧೂಳು ಮನೆಯೆಲ್ಲ ಹರಡುತ್ತದೆ. ನೀರು ಚಿಮುಕಿಸಿ, ಒದ್ದೆಯಲ್ಲೇ ಕೆರೆದು, ಚೂರುಗಳನ್ನು ಕಟ್ಟಿ ಹೊರಹಾಕಿ, ಮೇಲೆ ಹೊಸ ಬಣ್ಣ ಬಳಿಸಿ. ಆ ದಿನ ಮಕ್ಕಳೂ ಬಸುರಿಯರೂ ಮನೆಯಲ್ಲಿ ಇರಬಾರದು.

ಘಟ್ಟದ ಮೇಲಿನ ಹಳೇ ಮನೆಗಳ ಮರದ ಅಟ್ಟದ್ದು ಬೇರೆ ಕಥೆ. ಗೆದ್ದಲು ಬಾರದಿರಲಿ ಅಂತ ಗಾಡಿಯ ಹಳೇ ಎಂಜಿನ್ ಆಯಿಲ್ ಬಳಿಯುವ ಪದ್ಧತಿ ಎಷ್ಟೋ ಕಡೆ ಇದೆ. ಅದರಲ್ಲಿ ಲೋಹದ ಅಂಶವೂ ಕ್ಯಾನ್ಸರ್ ತರಬಲ್ಲ ಹೈಡ್ರೋಕಾರ್ಬನ್‌ಗಳೂ ಇರುತ್ತವೆ. ಅಂಥ ಹಲಗೆಯ ಮೇಲೆ ಮಕ್ಕಳು ಆಡಲೇಬಾರದು. ಗೇರೆಣ್ಣೆ ಬಳಿದ ಹಲಗೆಯೂ ಅಷ್ಟೇ. ಅದು ನಮ್ಮ ಊರಿನದೇ, ಸಸ್ಯದಿಂದ ಬಂದದ್ದೇ, ನಿಜ. ಆದರೆ ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಕೈ ಬೊಕ್ಕೆ ಎದ್ದದ್ದನ್ನು ನೋಡದ ಮನೆ ನಮ್ಮಲ್ಲಿ ಕಡಿಮೆ.

ಗೆದ್ದಲಿನ ಔಷಧಿ ಹೊಡೆಸುವುದಿದ್ದರೆ ಯಾವ ಔಷಧಿ ಅಂತ ಹೆಸರು ಕೇಳಿ. ಬಹಳ ಕಾಲದಿಂದ ಬಳಕೆಯಲ್ಲಿರುವ ಕ್ಲೋರ್‌ಪೈರಿಫಾಸ್ ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿ ಮಾಡುವಂಥದ್ದು. ಅಮೆರಿಕದಲ್ಲಿ ಮನೆಗಳಲ್ಲಿ ಅದರ ಬಳಕೆ ನಿಲ್ಲಿಸಲು 2000ದಲ್ಲೇ ಒಪ್ಪಂದವಾಯಿತು. ಹೊಸ ಕಟ್ಟಡವಾದರೆ ನೆಲ ಹಾಕುವ ಮುಂಚೆ, ಮಣ್ಣಿನ ಮಟ್ಟದಲ್ಲೇ ಗೆದ್ದಲಿನ ಕೆಲಸ ಮುಗಿಸಿ. ಮಕ್ಕಳು ಆಡುತ್ತಿರುವ ಕೋಣೆಯ ಸ್ಕರ್ಟಿಂಗ್‌ಗೆ ತೂತು ಕೊರೆದು ಔಷಧಿ ತುಂಬಿಸಬೇಡಿ.

ಹಂತ 3: ಅಡಿಯ ನೆಲ ಯಾವುದಿರಲಿ

ನನ್ನ ಪ್ರಕಾರ ನಮ್ಮ ಜಿಲ್ಲೆಯ ಮನೆಗಳಿಗೆ ಕಲ್ಲು, ಮಣ್ಣು, ಸಿಮೆಂಟಿನಿಂದ ಆದ ಗಟ್ಟಿ ನೆಲವೇ ಉತ್ತಮ. ಎಷ್ಟೋ ಮನೆಯಲ್ಲಿ ಅದು ಈಗಾಗಲೇ ಇದೆ. ಕೆಂಪು ಗಾರೆ ನೆಲ ಚೆನ್ನಾಗಿದ್ದರೆ ಅದನ್ನು ಮುಟ್ಟಲೇಬೇಡಿ. ಅದರ ಕೆಂಪು ಬಣ್ಣ ಕಬ್ಬಿಣದ ಆಕ್ಸೈಡ್, ಅದು ಆವಿಯಾಗುವುದಿಲ್ಲ. ಸೀಳಿದ ಕಡೆ ತೇಪೆ ಹಾಕಿಸಿ, ಜೇನುಮೇಣ ತಿಕ್ಕಿಸಿ, ಅಷ್ಟೇ ಸಾಕು. ಅದರ ಮೇಲೆ ಎಣ್ಣೆಬಣ್ಣದ ರೆಡ್ ಆಕ್ಸೈಡ್ ಪೇಂಟ್ ಹೊಡೆಸುವವರಿದ್ದಾರೆ, ಅದು ಬೇಡ. ಅದು ಕಬ್ಬಿಣದ ಗೇಟಿಗೆ ಮಾಡಿದ ಬಣ್ಣ, ನೆಲದಲ್ಲಿ ವರ್ಷದೊಳಗೆ ಎದ್ದು ಬರುತ್ತದೆ, ಎದ್ದದ್ದು ಮಗುವಿನ ಬಾಯಿಗೆ ಹೋಗುತ್ತದೆ.

ಹೊಸದಾಗಿ ಗಾರೆ ನೆಲ ಮಾಡಿಸುವುದಾದರೆ ಆ ಕೆಲಸ ಬಲ್ಲ ಹಿರಿಯ ಮೇಸ್ತ್ರಿ ಸಿಕ್ಕರೆ ಮಾತ್ರ ಮಾಡಿಸಿ. ಚೆನ್ನಾಗಿ ನೀರುಣಿಸಿ, 28 ದಿನ ಬಿಟ್ಟು, ಆಮೇಲೆ ಮಗುವನ್ನು ಬಿಡಿ. ಹಸಿ ಸಿಮೆಂಟ್ ಚರ್ಮ ಸುಡುತ್ತದೆ.

ಟೈಲ್ಸ್ ಹಾಕಿಸುವುದಾದರೆ ಹೊಳೆಯುವುದು ಬೇಡ. ಮಳೆಗಾಲ ಶುರುವಾಗುವ ಹೊತ್ತಿಗೆ ಹೊರಗಿನ ಬಿಸಿ, ಒದ್ದೆ ಗಾಳಿ ತಣ್ಣಗಿನ ಟೈಲ್ಸ್‌ಗೆ ತಾಗಿ ನೆಲ ಬೆವರುತ್ತದಲ್ವಾ, ಆಗ ಪಾಲಿಶ್ ಮಾಡಿದ ವಿಟ್ರಿಫೈಡ್ ಟೈಲ್ಸ್ ಮೇಲೆ ದೊಡ್ಡವರೇ ಜಾರುತ್ತಾರೆ. ಮ್ಯಾಟ್ ಫಿನಿಶ್ ಕೇಳಿ. ಪೆಟ್ಟಿಗೆಯ ಮೇಲೆ ಅಥವಾ ಕಂಪನಿಯ ಪುಸ್ತಕದಲ್ಲಿ ಜಾರುವಿಕೆಯ ಗುರುತು ಇರುತ್ತದೆ. ಆರ್ 9 ಅಂದರೆ ಹಿಡಿತ ಕಡಿಮೆ, ಆರ್ 10 ಮಕ್ಕಳ ಕೋಣೆಗೆ ಸರಿ, ಆರ್ 11 ಇನ್ನೂ ಒರಟು, ಮಂಡಿ ತರಚುತ್ತದೆ, ಒರೆಸುವುದೂ ಕಷ್ಟ. ಟೈಲ್ಸ್ ಸಾವಿರ ಡಿಗ್ರಿಗೂ ಮೇಲಿನ ಶಾಖದಲ್ಲಿ ಸುಟ್ಟು ಬಂದದ್ದು, ಅದರಿಂದ ಆವಿ ಬರುವ ಪ್ರಶ್ನೆ ಇಲ್ಲ. ಕತ್ತರಿಸುವಾಗ ಏಳುವ ಸಿಲಿಕಾ ಧೂಳು ಮಾತ್ರ ಶ್ವಾಸಕೋಶಕ್ಕೆ ಕೆಟ್ಟದ್ದು. ಕಟಿಂಗ್ ಅಂಗಳದಲ್ಲಿ, ನೀರು ಹಾಕಿ ನಡೆಯಲಿ.

ಕಡಪಾ, ಕೋಟಾ ಕಲ್ಲೂ ಒಳ್ಳೆಯವು. ಹೊಳಪಿಗೆ ಅಂತ ಮೇಲೆ ಹಚ್ಚುವ ಲ್ಯಾಕರ್ ಬೇಡ ಅನ್ನಿ, ಕಲ್ಲಿನ ಪಾಲಿಶ್ ಸಾಕು.

ಸಗಣಿ ಸಾರಿಸಿದ ನೆಲದ ಬಗ್ಗೆ ಕೇಳುವವರಿದ್ದಾರೆ. ಅದರಲ್ಲಿ ಕಾರ್ಖಾನೆಯ ರಾಸಾಯನಿಕ ಇಲ್ಲ, ತಂಪು, ಮೆತ್ತಗೆ. ಆದರೆ ಸಗಣಿಯಲ್ಲಿ ಧನುರ್ವಾಯುವಿನ ಬೀಜಾಣು, ಭೇದಿ ತರುವ ಬ್ಯಾಕ್ಟೀರಿಯಾ ಇರುತ್ತವೆ. ಅಂಬೆಗಾಲಿಡುವ, ಎಲ್ಲವನ್ನೂ ಬಾಯಿಗೆ ಹಾಕುವ ಮಗುವಿಗೆ ಅದು ಬೇಡ. ಅಂಗಳಕ್ಕೆ ಇರಲಿ.

ಗಟ್ಟಿ ಮರದ ಹಲಗೆ ಮಹಡಿಯ ಕೋಣೆಗೆ ಚೆಂದ. ಸಾಗವಾನಿ, ಹಲಸು, ಮತ್ತಿ ನಮ್ಮ ಕಡೆ ಸಿಗುತ್ತವೆ. ನೆಲಮಟ್ಟದ ಕೋಣೆಗೆ ಮಾತ್ರ ನಾನು ಮರ ಹೇಳುವುದಿಲ್ಲ, ತೇವ ಮತ್ತು ಗೆದ್ದಲು ಎರಡೂ ಅಲ್ಲೇ ಕಾದಿರುತ್ತವೆ.

ಲ್ಯಾಮಿನೇಟ್ ಎಂದರೆ ಮೇಲೆ ಮರದ ಚಿತ್ರ, ಒಳಗೆ ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿದ ಹಲಗೆ. ಆ ಅಂಟಿನಿಂದ ಫಾರ್ಮಾಲ್ಡಿಹೈಡ್ ಹೊರಬರುತ್ತದೆ. ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ವರ್ಗೀಕರಿಸಿತು. ಬಿಸಿ ಮತ್ತು ತೇವ ಹೆಚ್ಚಿದಂತೆ ಅದು ಹೊರಬರುವುದೂ ಜಾಸ್ತಿ, ಅಂದರೆ ನಮ್ಮ ಹವೆಯಲ್ಲೇ ಜಾಸ್ತಿ. ಸಾಲದ್ದಕ್ಕೆ ನೀರು ಕುಡಿದು ಹಲಗೆ ಉಬ್ಬುತ್ತದೆ. ಹಾಕಲೇಬೇಕು ಅನ್ನುವವರು ಕನಿಷ್ಠ ಇ1, ಸಾಧ್ಯವಾದರೆ ಅದಕ್ಕಿಂತಲೂ ಕಡಿಮೆ ಫಾರ್ಮಾಲ್ಡಿಹೈಡ್ ಬಿಡುವ ಇ0 ದರ್ಜೆಯದನ್ನೇ ಕೇಳಿ, ಗುರುತು ಹಲಗೆಯ ಹಿಂದೆ ಅಚ್ಚಾಗಿರಬೇಕು.

ವಿನೈಲ್, ಅಂದರೆ ಪಿವಿಸಿ. ಇದು ಮೆತ್ತಗಾಗಲು ಥ್ಯಾಲೇಟ್ ಎಂಬ ಎಣ್ಣೆಯಂಥ ರಾಸಾಯನಿಕ ಹಾಕುವುದು ಹಳೆಯ ಪದ್ಧತಿ. ಅವುಗಳಲ್ಲಿ ಹಲವು ದೇಹದ ಹಾರ್ಮೋನುಗಳ ಕೆಲಸ ಕೆಡಿಸುತ್ತವೆ. ಪ್ಲಾಸ್ಟಿಕ್‌ಗೆ ಗಟ್ಟಿಯಾಗಿ ಕಟ್ಟಿಕೊಂಡಿರುವುದಿಲ್ಲ, ವರ್ಷಗಟ್ಟಲೆ ನಿಧಾನವಾಗಿ ಹೊರಬಂದು ಧೂಳಿಗೆ ಸೇರುತ್ತವೆ. ಸ್ವೀಡನ್ನಿನಲ್ಲಿ ಮಕ್ಕಳ ಮಲಗುವ ಕೋಣೆಯ ಧೂಳು ಪರೀಕ್ಷಿಸಿದ, 2004ರಲ್ಲಿ ಪ್ರಕಟವಾದ ಅಧ್ಯಯನ ಥ್ಯಾಲೇಟ್‌ಗೂ ಮಕ್ಕಳ ಅಸ್ತಮಾ, ಅಲರ್ಜಿಗೂ ನಂಟು ಕಂಡಿತು. ಐರೋಪ್ಯ ಒಕ್ಕೂಟ ನಾಲ್ಕು ಬಗೆಯ ಥ್ಯಾಲೇಟ್‌ಗಳನ್ನು 2020ರ ಜುಲೈನಿಂದ ಗ್ರಾಹಕ ವಸ್ತುಗಳಲ್ಲಿ ಶೇಕಡಾ 0.1ಕ್ಕೆ ಮಿತಿಗೊಳಿಸಿತು. ಥ್ಯಾಲೇಟ್ ಇಲ್ಲದ ವಿನೈಲ್ ಈಗ ಸಿಗುತ್ತದೆ. ಆದರೂ ನೆಲಮಟ್ಟದ ಕೋಣೆಗೆ ಬೇಡ ಅನ್ನುತ್ತೇನೆ. ತೇವದ ತೊಂದರೆ ಹಾಗೇ ಉಳಿಯುತ್ತದಲ್ಲ. ಮೀಟರ್ ಲೆಕ್ಕದಲ್ಲಿ ಸುರುಳಿ ಬಿಚ್ಚಿ ಕೊಡುವ ತೆಳು ಹಾಳೆಯಂತೂ ಮಕ್ಕಳ ಕೋಣೆಗೆ ಬರಲೇಬಾರದು.

ಹಂತ 4: ಅಂಟು, ಪಾಲಿಶ್

ಒಳ್ಳೆಯ ಸಾಮಾನು ತಂದು ಕೆಟ್ಟ ಅಂಟಿನಲ್ಲಿ ಕೂರಿಸಿದರೆ ಪ್ರಯೋಜನ ಇಲ್ಲ. ಟೈಲ್ಸ್‌ಗೆ ಸಿಮೆಂಟ್ ಗಾರೆ ಅಥವಾ ನೀರಲ್ಲಿ ಕಲೆಸುವ ಟೈಲ್ಸ್ ಅಂಟು ಸಾಕು. ಆಚಾರಿಗಳು ಬಳಸುವ, ಮೂಗಿಗೆ ಖಾರ ಹೊಡೆಯುವ ಹಳದಿ ಅಂಟಿನಲ್ಲಿ ಟೊಲುಯೀನ್‌ನಂಥ ದ್ರಾವಕ ಇರುತ್ತದೆ. ಅದು ನೆಲಕ್ಕೆ ಬೇಡ.

ಮರಕ್ಕೆ ಮೆಲಮೈನ್ ಪಾಲಿಶ್ ನಮ್ಮ ಕಡೆ ಬಹಳ ಪ್ರಚಾರದಲ್ಲಿದೆ. ಅದು ಒಣಗುವಾಗಲೂ ಆಮೇಲೆ ಕೆಲ ಕಾಲವೂ ಫಾರ್ಮಾಲ್ಡಿಹೈಡ್ ಬಿಡುತ್ತದೆ. ನೀರಿನಲ್ಲಿ ಬೆರೆಸುವ ಪಿಯು (ಪಾಲಿಯುರೆಥೇನ್) ಪಾಲಿಶ್ ಕೇಳಿ, ಇಲ್ಲವೇ ಅಗಸೆ ಎಣ್ಣೆ ಹಚ್ಚಿ ಒಣಗಿಸಿ ಮೇಲೆ ಜೇನುಮೇಣ ಕೊಡಿಸಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆ. ನೀರಲ್ಲಿ ಅದ್ದಿ, ಹರವಿ ಒಣಗಿಸಿ.

ಹಂತ 5: ಮೇಲೆ ಏನು ಹಾಸುವುದು

ಗಟ್ಟಿ ನೆಲದ ಮೇಲೆ ಮಗು ಬಿದ್ದರೆ ತಲೆಗೆ ಪೆಟ್ಟು, ಸರಿ. ಅದಕ್ಕಾಗಿಯೇ ಎತ್ತಲು ಬರುವ ಮೆತ್ತನೆ ಹಾಸು ಬೇಕು.

ಬಣ್ಣ ಬಣ್ಣದ ಅಕ್ಷರ ಜೋಡಿಸುವ ಫೋಮ್ ಮ್ಯಾಟ್ ಈಗ ಎಲ್ಲರ ಮನೆಯಲ್ಲೂ ಇದೆ. ಅದು ಸಾಮಾನ್ಯವಾಗಿ ಇವಿಎ ಎಂಬ ಮೆತ್ತನೆ ಪ್ಲಾಸ್ಟಿಕ್‌ನ ಫೋಮ್. ಕೆಲವು ಮ್ಯಾಟ್‌ಗಳಲ್ಲಿ ಫಾರ್ಮಮೈಡ್ ಎಂಬ, ಸಂತಾನಶಕ್ತಿಗೆ ಹಾನಿ ಮಾಡಬಲ್ಲ ರಾಸಾಯನಿಕ ಉಳಿದಿರುತ್ತದೆ. 2010ರ ಕೊನೆಯಲ್ಲಿ ಬೆಲ್ಜಿಯಂ ಇಂಥ ಮ್ಯಾಟ್‌ಗಳನ್ನು ಮಾರುಕಟ್ಟೆಯಿಂದ ತೆಗೆಸಿತು, ಫ್ರಾನ್ಸ್ ಮಾರಾಟ ತಡೆಯಿತು. ಐರೋಪ್ಯ ಒಕ್ಕೂಟ 2015ರಲ್ಲಿ ಫೋಮ್ ಆಟಿಕೆಗಳಿಗೆ ಇದರ ಮಿತಿ ನಿಗದಿ ಮಾಡಿತು. ಕೊಳ್ಳುವುದಿದ್ದರೆ ಫಾರ್ಮಮೈಡ್ ಪರೀಕ್ಷೆ ಆದದ್ದನ್ನೇ ಕೊಳ್ಳಿ, ತಂದ ಮೇಲೆ ಬಿಡಿ ಬಿಡಿಯಾಗಿ ಜಗಲಿಯಲ್ಲಿ ಒಂದೆರಡು ವಾರ ಗಾಳಿಗಿಡಿ. ಮಗು ಕಚ್ಚಿ ಚೂರು ಕಿತ್ತರೆ ಆ ಮ್ಯಾಟ್ ತೆಗೆದುಬಿಡಿ. ಮಳೆಗಾಲದಲ್ಲಿ ಆಗಾಗ ಎತ್ತಿ ಅಡಿಯ ನೀರು ಒರೆಸದಿದ್ದರೆ ಅಲ್ಲೂ ಬೂಷ್ಟು ಕಟ್ಟುತ್ತದೆ. ಹಳೇ ಟೈರ್ ಪುಡಿಯ ಕಪ್ಪು ರಬ್ಬರ್ ಮ್ಯಾಟ್ ಮನೆಯೊಳಗೆ ಬೇಡ.

ನನಗೆ ಇದಕ್ಕಿಂತ ಇಷ್ಟವಾಗುವುದು ಕೌದಿ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರು ಹಳೇ ಬಟ್ಟೆಯ ತುಂಡುಗಳನ್ನು ಪದರ ಪದರವಾಗಿ ಇಟ್ಟು ಕೈಯಲ್ಲೇ ಹೊಲಿಯುವ ಕೌದಿ ದಪ್ಪಗಿರುತ್ತದೆ, ಜಗ್ಗಿದರೂ ಹರಿಯುವುದಿಲ್ಲ. ಹತ್ತಾರು ಸಲ ಒಗೆದ ಹಳೇ ಹತ್ತಿ ಬಟ್ಟೆಯಲ್ಲಿ ಹೊಸ ಬಟ್ಟೆಯ ಗಂಜಿ, ರಾಸಾಯನಿಕ ಎಲ್ಲ ಹೋಗಿರುತ್ತದೆ. ಮಾಡಿಸುವಾಗ ಹತ್ತಿಯದೇ ಹಾಕಲು ಹೇಳಿ, ನೈಲಾನ್ ಸೀರೆ ನೀರು ಹೀರುವುದಿಲ್ಲ. ಎರಡು ಮಾಡಿಸಿ. ಮಳೆಯಲ್ಲಿ ಒಂದು ಒಣಗಲು ದಿನಗಟ್ಟಲೆ ಬೇಕು, ಅಷ್ಟರವರೆಗೆ ಇನ್ನೊಂದು. ಅಡಿಗೆ ಹತ್ತಿಯ ಜಮಖಾನೆ ಹಾಸಿ, ಅಂಚು ಮಡಚಿ ಕಾಲಿಗೆ ಸಿಗದಂತೆ ನೋಡಿ. ಟೈಲ್ಸ್ ಮೇಲೆ ಜಾರಿದರೆ ಮೂಲೆಗಳನ್ನು ಭಾರದ ಕಪಾಟಿನ ಅಡಿಗೆ ಸಿಕ್ಕಿಸಿ.

ಪೇಟೆಯಲ್ಲಿ ಸಿಗುವ ಹೆಣೆದ ಪ್ಲಾಸ್ಟಿಕ್ ಚಾಪೆ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್. ಅದು ಮೆತ್ತಗಾಗಲು ಥ್ಯಾಲೇಟ್ ಬೇಕಿಲ್ಲ, ತೊಳೆದರೆ ಬೇಗ ಒಣಗುತ್ತದೆ. ಎಳೆ ಬಿಡಲು ಶುರುವಾದ ದಿನ ಬದಲಿಸಿ. ಈಚಲ ಚಾಪೆ ಬೇಸಿಗೆಗೆ ಒಳ್ಳೆಯದು, ಮಳೆಗಾಲಕ್ಕೆ ಸುತ್ತಿ ಅಟ್ಟಕ್ಕೆ. ಮಗು ಹತ್ತಿ ಜಿಗಿಯುವ ಏಣಿ, ಜಾರುಬಂಡೆ ಇದ್ದರೆ ಕೌದಿ ಸಾಲದು, ಸುತ್ತ ಹತ್ತಿ ಅಥವಾ ಬೂರುಗದ ಹಾಸಿಗೆ ಹಾಕಿ.

ಹಂತ 6: ಅಂಗಡಿಯಲ್ಲಿ ಕೇಳುವುದು

"ಅಕ್ಕಾ, ಇದು ಇಂಪೋರ್ಟೆಡ್ ಮಾಲು, ಏನೂ ಆಗೂದಿಲ್ಲ" ಎಂದು ಶಿರಸಿಯ ಒಂದು ಅಂಗಡಿಯಲ್ಲಿ ನನಗೆ ಹೇಳಿದ್ದರು. "ಹಾಗಿದ್ದರೆ ಟೆಸ್ಟ್ ರಿಪೋರ್ಟ್ ತೋರಿಸಿ ಅಣ್ಣಾ" ಅಂದೆ. ಕಂಪನಿಗೆ ಫೋನ್ ಮಾಡಿ ತರಿಸಿಕೊಟ್ಟರು. ಕೇಳಿದರೆ ಕೊಡುತ್ತಾರೆ. ನಾವು ಕೇಳುವುದಿಲ್ಲ, ಅಷ್ಟೇ.

ನೆಲಹಾಸಿಗೆ ಫ್ಲೋರ್‌ಸ್ಕೋರ್ ಅಥವಾ ಗ್ರೀನ್‌ಗಾರ್ಡ್ ಗೋಲ್ಡ್ ಮುದ್ರೆ ಇದೆಯಾ ನೋಡಿ, ಇವು ಹೊರಬರುವ ಆವಿಯನ್ನು ಅಳೆದು ಕೊಡುವಂಥವು. ಬಟ್ಟೆಯ ಹಾಸುಗಳಿಗೆ ಓಕೋಟೆಕ್ಸ್ ಸ್ಟ್ಯಾಂಡರ್ಡ್ 100 ಮುದ್ರೆ, ಅದರಲ್ಲೂ ಶಿಶುಗಳಿಗಾಗಿರುವ ಮೊದಲ ದರ್ಜೆ. ಆಟಿಕೆಗಳಿಗೆ ನಮ್ಮಲ್ಲಿ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಫೋಮ್ ಮ್ಯಾಟನ್ನು ಆಟಿಕೆ ಅಂತ ಮಾರುತ್ತಿದ್ದರೆ ಆ ಗುರುತು ಹುಡುಕಿ. ಬರೀ 'ನಾನ್ ಟಾಕ್ಸಿಕ್' ಅಂತ ಅಚ್ಚು ಹಾಕಿದ್ದಕ್ಕೆ ಬೆಲೆ ಕೊಡಬೇಡಿ, ಅದನ್ನು ಯಾರು ಬೇಕಾದರೂ ಬರೆಯಬಹುದು.

ತುಂಡು ಮಾದರಿ ಕೇಳಿ ಮನೆಗೆ ತನ್ನಿ. ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ಒಂದು ದಿನ ಬಿಸಿಲಿಗಿಡಿ. ತೆರೆದಾಗ ಘಾಟು ಬಂದರೆ ವಾಪಸ್. ವಾಸನೆ ಇಲ್ಲ ಅಂದಮಾತ್ರಕ್ಕೆ ಪಾಸಾಯಿತು ಅಂತಲ್ಲ, ಥ್ಯಾಲೇಟ್‌ಗೆ ಹೆಚ್ಚುಕಡಿಮೆ ವಾಸನೆಯೇ ಇಲ್ಲ. ಹಾಗಾಗಿ ಡಬ್ಬಿ ಪರೀಕ್ಷೆಯೂ ಬೇಕು, ರಿಪೋರ್ಟೂ ಬೇಕು.

ಹಂತ 7: ಕೆಲಸ ಯಾವಾಗ ಮಾಡಿಸುವುದು

ದೀಪಾವಳಿ ಕಳೆದು ಮಣ್ಣು ಒಣಗಿದ ಮೇಲೆ ಶುರು ಮಾಡಿ, ಫೆಬ್ರವರಿಯೊಳಗೆ ಮುಗಿಸಿ. ಆಮೇಲೆ ಎರಡು ತಿಂಗಳು ಕಿಟಕಿ ಬಾಗಿಲು ತೆರೆದಿಟ್ಟರೆ ಪಾಲಿಶ್, ಬಣ್ಣ, ಕಪಾಟಿನ ಪ್ಲೈವುಡ್ ಎಲ್ಲದರ ಆವಿ ಬಹುಪಾಲು ಹೋಗುತ್ತದೆ. ಮೇ ಕೊನೆಗೆ ಗಡಿಬಿಡಿಯಲ್ಲಿ ಪಾಲಿಶ್ ಹೊಡೆಸಿ, ಜೂನ್‌ನಲ್ಲಿ ಮಳೆ ಅಂತ ಕಿಟಕಿ ಮುಚ್ಚಿ, ಮಗುವನ್ನು ಒಳಗೆ ಬಿಡುವುದು ಅತ್ಯಂತ ಕೆಟ್ಟ ಲೆಕ್ಕಾಚಾರ. ಹೆರಿಗೆಯ ದಿನ ನೋಡಿಕೊಂಡು ಕೋಣೆ ಸಿದ್ಧ ಮಾಡುವವರು ಇದನ್ನು ಮೊದಲೇ ಯೋಚಿಸಿ.

ಬಾಡಿಗೆ ಮನೆಯಲ್ಲಿದ್ದು ನೆಲ ಬದಲಿಸಲು ಆಗದಿದ್ದರೆ, ಇರುವ ನೆಲವನ್ನು ಸೋಪಿನ ನೀರಲ್ಲಿ ಚೆನ್ನಾಗಿ ತಿಕ್ಕಿ ತೊಳೆದು, ಎತ್ತಲು ಬರುವ ಹಾಸು ಹಾಕಿ. ಅಂಟಿಸಿದ ಹಳೇ ವಿನೈಲ್ ಅಡಿಯಿಂದ ವಾಸನೆ ಬರುತ್ತಿದ್ದರೆ ಮಗುವಿನ ಆಟ ಬೇರೆ ಕೋಣೆಗೆ ಹೋಗಲಿ.

ಹಂತ 8: ದಿನದ ಆರೈಕೆ

ಚಪ್ಪಲಿ ಹೊರಗೆ, ಕಾಲು ತೊಳೆದು ಒರೆಸಿ ಒಳಗೆ. ಕಾರವಾರದಂಥ ಕಡಲ ಬದಿಯಲ್ಲಿ ಮರಳು ನೆಲದ ಹೊಳಪನ್ನೂ ಪಾಲಿಶನ್ನೂ ಉಜ್ಜಿ ತೆಗೆಯುತ್ತದೆ, ಬಾಗಿಲಲ್ಲಿ ನಾರಿನ ಕಾಲೊರೆಸು ಇರಲಿ. ಒಣ ಪೊರಕೆ ಧೂಳನ್ನು ಎಬ್ಬಿಸುತ್ತದೆ. ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಹಾಕಿ ಒಣಗಿಸಿ, ಆಮೇಲೆ ಹಾಸು ಹಾಸಿ. ಪರಿಮಳದ ಫಿನಾಯಿಲ್ ಬೇಡ, ಸೋಪಿನ ನೀರೇ ಸಾಕು. ಕೌದಿ, ಜಮಖಾನೆಯ ಮಡಿಕೆಯಲ್ಲಿ ನುಸಿಗುಳಿಗೆ ಇಟ್ಟು ತೆಗೆದಿಡುವ ಅಭ್ಯಾಸವೂ ಬೇಡ. ಅದರ ನ್ಯಾಫ್ತಲೀನ್ ಕೆಲವು ಶಿಶುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ಮಗು ಉಚ್ಚೆ ಹೊಯ್ದರೆ ಮೇಲಿನದು ಮಾತ್ರ ಒರೆಸಿ ಬಿಡಬೇಡಿ, ಹಾಸು ಎತ್ತಿ ಅಡಿಯ ನೆಲವನ್ನೂ ಒರೆಸಿ. ಮಳೆಗಾಲದಲ್ಲಿ ಒಂದು ಹೊತ್ತಾದರೂ ಬಿಸಿಲು ಕಂಡ ದಿನ ಕೌದಿ ಹೊರಗೆ ಬರಲಿ. ಬೂಷ್ಟಿನ ಕಪ್ಪು ಚುಕ್ಕೆ ಕಂಡರೆ ಹಾಸನ್ನು ಬಿಸಿನೀರಲ್ಲಿ ಒಗೆದು ನೋಡಿ. ಒಗೆದ ಮೇಲೂ ಮುಗ್ಗಲು ವಾಸನೆ ಉಳಿದರೆ ಅದು ಆಟದ ಕೋಣೆಗೆ ವಾಪಸ್ ಬರುವುದು ಬೇಡ.